ನಮ್ಮ ರಕ್ತವೇ ನಮಗೆ ಮದ್ದೆ? ಪಿ.ಆರ್.ಪಿ. ಚುಚ್ಚುಮದ್ದಿನ ಬಗ್ಗೆ ಸದಸ್ಯರು ತಿಳಿದಿರಬೇಕಾದ ಸಂಗತಿಗಳು



ಸಂಘದ ಕಚೇರಿಗೆ ಬರುವ ಸದಸ್ಯರು ಗೊಬ್ಬರ, ತುತ್ತ, ಧಾರಣೆಗಳ ಮಾತು ಮುಗಿಸಿದ ಮೇಲೆ ಇತ್ತೀಚೆಗೆ ಕೇಳುವ ಪ್ರಶ್ನೆಯೊಂದಿದೆ: “ಮೊಣಕಾಲಿಗೆ ನಮ್ಮ ರಕ್ತಾನೇ ಇಂಜೆಕ್ಷನ್ ಮಾಡ್ತಾರಂತಲ್ರೀ, ಅದು ಆಗತೈತೇನ್ರಿ?” ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಭಾಗದಲ್ಲಿ ಅಡಿಕೆ ತೋಟ ಕಟ್ಟಿರುವ ನಮ್ಮ ಸದಸ್ಯರೂ, ಅದೇ ಕಡೆಯಿಂದ ಕಾಫಿ ಕೊಯ್ಲಿಗೆ ಬರುವ ಕೂಲಿ ಬಂಧುಗಳೂ ಇದನ್ನು ಹೆಚ್ಚಾಗಿ ಕೇಳುತ್ತಾರೆ. ಕೆಲವರು ಈ ಚಿಕಿತ್ಸೆಗೆಂದೇ ಬೆಳೆಯ ಮೇಲೆ ಮುಂಗಡ ಕೋರಿ ಅರ್ಜಿ ಕೊಟ್ಟಿದ್ದಾರೆ. ಮುಂಗಡ ಕೊಡುವುದು, ಬಿಡುವುದು ನಿಯಮಾವಳಿಗೆ ಸೇರಿದ ವಿಷಯ. ಆದರೆ ಬೆವರು ಸುರಿಸಿ ದುಡಿದ ಹಣ ಯಾವುದಕ್ಕೆ ಹೋಗುತ್ತದೆ ಎಂಬುದನ್ನು ಸದಸ್ಯರಿಗೆ ತಿಳಿಸುವುದು ಸಂಘದ ಕರ್ತವ್ಯವೆಂದು ನಾವು ಭಾವಿಸಿದ್ದೇವೆ. ನಾವು ವೈದ್ಯರಲ್ಲ. ತಜ್ಞರು ಪ್ರಕಟಿಸಿರುವ ಪರೀಕ್ಷೆಗಳ ಸಾರವನ್ನು ತೋಟಗಾರರಿಗೆ ಅರ್ಥವಾಗುವ ರೀತಿಯಲ್ಲಿ ಇಲ್ಲಿ ಸ್ಥೂಲವಾಗಿ ವಿವರಿಸಲು ಯತ್ನಿಸಿದ್ದೇವೆ.

ನೋವು ಯಾರಿಗೆ, ಎಲ್ಲಿ?

ಕೈಕಾಲುಗಳಿಂದ ದುಡಿಯುವವರಿಗೆ ಬರುವ ನೋವುಗಳಲ್ಲಿ ಎರಡು ಬಗೆ ಮುಖ್ಯವಾದವು. ಮೊದಲನೆಯದು ಸ್ನಾಯುರಜ್ಜಿನ ನೋವು. ಸ್ನಾಯುವನ್ನು ಮೂಳೆಗೆ ಬಿಗಿದು ಕಟ್ಟಿದ ಹಗ್ಗವೇ ಸ್ನಾಯುರಜ್ಜು. ಒಂದೇ ಚಲನೆಯನ್ನು ದಿನಕ್ಕೆ ಸಾವಿರಾರು ಸಲ ಮಾಡಿದಾಗ ಈ ಹಗ್ಗದ ಎಳೆಗಳು ಸೊರಗುತ್ತವೆ. ಬ್ಯಾಡಗಿಯಲ್ಲಿ ದಿನವಿಡೀ ಕುಳಿತು ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಣ್ಣುಮಕ್ಕಳ ಹೆಬ್ಬೆರಳ ಬುಡ, ರಾಣೆಬೆನ್ನೂರು ಭಾಗದ ಬೀಜೋತ್ಪಾದನೆಯ ಹೊಲಗಳಲ್ಲಿ ಹೂವಿಗೆ ಹೂ ಮುಟ್ಟಿಸಿ ಕ್ರಾಸಿಂಗ್ ಮಾಡುವವರ ಮಣಿಕಟ್ಟು, ನಮ್ಮಲ್ಲಿ ಮೆಟ್ಟುಗತ್ತಿಯ ಮೇಲೆ ಅಡಿಕೆ ಸುಲಿಯುವವರ ಹಾಗೂ ಕಾಫಿ ಗಿಡ ಕತ್ತರಿಸುವವರ ಮೊಣಕೈ ನೋಯುವುದು ಹೆಚ್ಚಾಗಿ ಈ ಕಾರಣದಿಂದ. ಎಂದೂ ಟೆನಿಸ್ ಬ್ಯಾಟು ಮುಟ್ಟದವರಿಗೂ ವೈದ್ಯರು “ಟೆನಿಸ್ ಎಲ್ಬೋ” ಎಂದು ಬರೆದುಕೊಡುವುದು ಈ ಮೊಣಕೈ ನೋವಿಗೇ.

ಎರಡನೆಯದು ಕೀಲಿನ ಸವೆತ. ಐವತ್ತು ದಾಟಿದವರ ಮಂಡಿಯಲ್ಲಿ ಎರಡು ಮೂಳೆಗಳ ನಡುವಣ ನುಣುಪಾದ ಮೃದ್ವಸ್ಥಿ ತೆಳುವಾಗುತ್ತ ಬರುತ್ತದೆ. ಇವೆರಡರ ಜೊತೆಗೆ ಆಟದ ಪೆಟ್ಟುಗಳಿವೆ. ದೀಪಾವಳಿ ಕಳೆದ ಮೇಲೆ ಹಾವೇರಿ ಸೀಮೆಯಲ್ಲಿ ಹೋರಿ ಬೆದರಿಸುವ ಸ್ಪರ್ಧೆಗಳು ಆರಂಭವಾದರೆ, ಕೊಬ್ಬರಿ ಹರಿಯಲು ಓಡುವ ಹುಡುಗರ ತೊಡೆ, ಹಿಮ್ಮಡಿ, ಮೊಣಕಾಲುಗಳಿಗೆ ಆಗುವ ಗಾಯಗಳು ಒಂದೆರಡಲ್ಲ. ಕಬಡ್ಡಿ, ಖೋ ಖೋ, ಕುಸ್ತಿಗಳದೂ ಇದೇ ಕಥೆ. ಇವರೆಲ್ಲರ ಮುಂದೆಯೂ ಈಗ ಪಿ.ಆರ್.ಪಿ. ಎಂಬ ಮೂರಕ್ಷರ ಬಂದು ನಿಂತಿದೆ.

ಪ್ಲೇಟ್‌ಲೆಟ್ ಎಂದರೇನು?

ಈ ಮೂರಕ್ಷರಗಳ ಅರ್ಥ, ಪ್ಲೇಟ್‌ಲೆಟ್‌ಗಳು ಹೇರಳವಾಗಿರುವ ರಕ್ತದ ತಿಳಿ. ಪ್ಲೇಟ್‌ಲೆಟ್ ಎಂಬ ಶಬ್ದವನ್ನು ಡೆಂಗ್ಯೂ ಜ್ವರ ನಮ್ಮ ಮನೆಮನೆಗೂ ಪರಿಚಯಿಸಿದೆ. “ಬಿಳಿ ರಕ್ತಕಣ ಇಳಿದಿದೆ” ಎಂದು ನಾವು ಹೇಳುವುದು ಅನೇಕ ಸಲ ಈ ಪ್ಲೇಟ್‌ಲೆಟ್ ಬಗ್ಗೆಯೇ. ನಿಜವಾಗಿ ಅವೆರಡೂ ಬೇರೆ ಬೇರೆ. ಪ್ಲೇಟ್‌ಲೆಟ್‌ಗಳು ಎಲುಬಿನ ಮಜ್ಜೆಯಲ್ಲಿ ಹುಟ್ಟುವ ಅತಿ ಸಣ್ಣ ಬಿಲ್ಲೆಗಳು. ಆರೋಗ್ಯವಂತರ ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಇವು ಸುಮಾರು 1.5 ಲಕ್ಷದಿಂದ 4.5 ಲಕ್ಷದವರೆಗೆ ಇರುತ್ತವೆ. ಒಂದೊಂದರ ಆಯುಷ್ಯ ಏಳರಿಂದ ಹತ್ತು ದಿನ. ಗಾಯವಾದಾಗ ರಕ್ತ ಹೆಪ್ಪುಗಟ್ಟಿಸುವುದು ಇವುಗಳ ಕೆಲಸವೆಂದು ಇಟಲಿಯ ಜ್ಯೂಲಿಯೊ ಬಿಟ್ಸೊಜೆರೊ ಎಂಬ ವಿಜ್ಞಾನಿ 1882ರಲ್ಲಿ ತೋರಿಸಿದರು.

ಈ ಬಿಲ್ಲೆಗಳೊಳಗೆ ಬೆಳವಣಿಗೆಗೆ ಪ್ರೇರಣೆ ಕೊಡುವ ಪ್ರೋಟೀನುಗಳ ಸಣ್ಣ ಗಂಟುಗಳಿವೆ. ಗಾಯದ ಜಾಗದಲ್ಲಿ ಆ ಗಂಟು ಬಿಚ್ಚಿಕೊಂಡು, ದುರಸ್ತಿ ಮಾಡುವ ಕೋಶಗಳನ್ನು ಕರೆಯುತ್ತವೆ. ಹಾಗಾದರೆ ಈ ಬಿಲ್ಲೆಗಳನ್ನೇ ಒಟ್ಟುಗೂಡಿಸಿ ನೋವಿನ ಜಾಗಕ್ಕೆ ಬಿಟ್ಟರೆ ದುರಸ್ತಿ ಬೇಗ ಆಗಬೇಕಲ್ಲವೆ? ಪಿ.ಆರ್.ಪಿ.ಯ ಹಿಂದಿನ ವಿಚಾರ ಇಷ್ಟೇ. ವಿಚಾರದಲ್ಲಿ ಮೋಸವಿಲ್ಲ. ಆದರೆ ವಿಚಾರ ಸರಿಯಾಗಿದ್ದ ಮಾತ್ರಕ್ಕೆ ಮದ್ದು ಫಲಿಸಿತೆಂದು ಅರ್ಥವಲ್ಲ.

ಮದ್ದು ತಯಾರಾಗುವ ರೀತಿ

ಹಾಲಿನ ಸಂಘಗಳಲ್ಲಿ ಫ್ಯಾಟ್ ಅಳೆಯಲು ಹಾಲಿನ ನಳಿಗೆಗಳನ್ನು ಗರಗರ ತಿರುಗಿಸುತ್ತಿದ್ದ ಯಂತ್ರ ಹಿರಿಯ ಸದಸ್ಯರಿಗೆ ನೆನಪಿರಬಹುದು. ಇಲ್ಲಿಯೂ ಅದೇ ತತ್ತ್ವ. ರೋಗಿಯ ತೋಳಿನಿಂದ ಸುಮಾರು 15ರಿಂದ 60 ಮಿಲಿಲೀಟರ್ ರಕ್ತ ತೆಗೆದು ವೇಗವಾಗಿ ತಿರುಗಿಸುತ್ತಾರೆ. ಭಾರವಾದ ಕೆಂಪು ಕಣಗಳು ತಳಕ್ಕೆ ಕೂರುತ್ತವೆ, ಮೇಲೆ ಹಳದಿ ತಿಳಿ ನಿಲ್ಲುತ್ತದೆ, ನಡುವೆ ತೆಳ್ಳನೆಯ ಬಿಳಿ ಪದರ ಕಾಣುತ್ತದೆ. ಪ್ಲೇಟ್‌ಲೆಟ್‌ಗಳು ಕೂಡಿರುವ ಭಾಗವನ್ನು ಬೇರ್ಪಡಿಸಿ, ಕೆಲವೇ ಮಿಲಿಲೀಟರಿನಷ್ಟನ್ನು ನೋವಿನ ಜಾಗಕ್ಕೆ ಚುಚ್ಚುತ್ತಾರೆ. ಸೂಜಿ ಸರಿಯಾದ ಸ್ಥಳಕ್ಕೆ ಹೋಗಲೆಂದು ಅನೇಕರು ಸ್ಕ್ಯಾನಿಂಗ್ ಯಂತ್ರದಲ್ಲಿ ನೋಡುತ್ತಲೇ ಚುಚ್ಚುತ್ತಾರೆ. ಒಂದು ತಾಸಿನೊಳಗೆ ಎಲ್ಲ ಮುಗಿದು ಅಂದೇ ಮನೆಗೆ ಮರಳಬಹುದು.

ಪ್ಲೇಟ್‌ಲೆಟ್ ಕಡಿಮೆಯಾದ ರೋಗಿಗಳಿಗೆ ಕೊಡಲು ಇಂಥ ತಿಳಿಯನ್ನು ರಕ್ತತಜ್ಞರು 1970ರ ದಶಕದಲ್ಲೇ ಬಳಸುತ್ತಿದ್ದರು. 1998ರಲ್ಲಿ ಅಮೆರಿಕದ ರಾಬರ್ಟ್ ಮಾರ್ಕ್ಸ್ ಮತ್ತು ಸಂಗಡಿಗರು ದವಡೆಯ ಮೂಳೆ ಕಸಿಯಲ್ಲಿ ಬಳಸಿದ್ದನ್ನು ಪ್ರಕಟಿಸಿದರು. ಮುಂದೆ ಫುಟ್‌ಬಾಲಿನ ಹೈನ್ಸ್ ವಾರ್ಡ್, ಗಾಲ್ಫಿನ ಟೈಗರ್ ವುಡ್ಸ್ ಮೊದಲಾದ ಆಟಗಾರರು ಹಾಕಿಸಿಕೊಂಡದ್ದು ಸುದ್ದಿಯಾಗಿ ಹೆಸರು ಜಗತ್ತಿಗೆಲ್ಲ ಹಬ್ಬಿತು. ಉದ್ದೀಪನ ಮದ್ದುಗಳ ಮೇಲೆ ನಿಗಾ ಇಡುವ ವಿಶ್ವ ಸಂಸ್ಥೆ ‘ವಾಡಾ’ 2010ರಲ್ಲಿ ಸ್ನಾಯುವಿಗೆ ಇದನ್ನು ಚುಚ್ಚುವುದನ್ನು ನಿಷೇಧಿಸಿ, ಸಾಮರ್ಥ್ಯ ಹೆಚ್ಚುತ್ತದೆಂಬುದಕ್ಕೆ ಆಧಾರ ಕಾಣದೆ 2011ರಲ್ಲಿ ನಿಷೇಧವನ್ನು ತೆಗೆದುಹಾಕಿತು.

ಮದ್ದು ಹೊಡೆಯದ ಸಾಲು

ಮದ್ದು ಫಲಿಸಿತೆ ಎಂದು ತಿಳಿಯುವ ಬಗೆ ಅಡಿಕೆ ಬೆಳೆಗಾರರಿಗೆ ಹೊಸದಲ್ಲ. ಮೈಸೂರು ಸಂಸ್ಥಾನದಲ್ಲಿ ಸಸ್ಯರೋಗ ತಜ್ಞರಾಗಿದ್ದ ಲೆಸ್ಲಿ ಕೋಲ್ಮನ್ ಅವರು ಅಡಿಕೆಯ ಕೊಳೆರೋಗದ ಬಗ್ಗೆ 1910ರಲ್ಲಿ ಪ್ರಬಂಧ ಪ್ರಕಟಿಸಿದಂದಿನಿಂದ ಬೋರ್ಡೋ ದ್ರಾವಣ ನಮ್ಮ ತೋಟಗಳಲ್ಲಿ ನೆಲೆ ನಿಂತಿದೆ. ಅದು ನಿಂತದ್ದು ಯಾರೋ ಹೊಗಳಿದ್ದರಿಂದಲ್ಲ. ಹೊಡೆದ ತೋಟವನ್ನೂ ಹೊಡೆಯದ ತೋಟವನ್ನೂ ಒಂದೇ ಮಳೆಗಾಲದಲ್ಲಿ ಅಕ್ಕಪಕ್ಕ ನೋಡಿದವರಿಗೆ ವ್ಯತ್ಯಾಸ ಕಣ್ಣಿಗೆ ಕಾಣುತ್ತಿದ್ದುದರಿಂದ.

ಈಗ ಒಬ್ಬ ರೈತ ಬರೀ ನೀರನ್ನೇ ಹೊಸ ಔಷಧಿಯೆಂದು ನಂಬಿ ತೋಟಕ್ಕೆಲ್ಲ ಹೊಡೆದನೆಂದು ಭಾವಿಸೋಣ. ಆ ವರ್ಷ ಮಳೆ ಕಡಿಮೆಯಾದರೆ ಕೊಳೆಯೂ ಕಡಿಮೆಯಾಗುತ್ತದೆ. “ನನ್ನ ಔಷಧಿ ಫಲಿಸಿತು” ಎಂದು ಅವನು ಪ್ರಾಮಾಣಿಕವಾಗಿಯೇ ಹೇಳುತ್ತಾನೆ. ಅವನು ಸುಳ್ಳುಗಾರನಲ್ಲ, ಆದರೆ ಅವನ ತೋಟದಲ್ಲಿ ಹೊಡೆಯದ ಸಾಲೊಂದು ಇರಲಿಲ್ಲ.

ಮೊಣಕೈ ನೋವೂ ಹೀಗೆಯೇ. ಟೆನಿಸ್ ಎಲ್ಬೋ ಬಂದ ಹತ್ತು ಮಂದಿಯಲ್ಲಿ ಎಂಟೊಂಬತ್ತು ಮಂದಿಗೆ ಒಂದು ವರ್ಷದೊಳಗೆ ತಾನಾಗಿಯೇ ಗುಣವಾಗುತ್ತದೆ. ಮಂಡಿ ನೋವು ಅಡಿಕೆ ಧಾರಣೆಯಂತೆ ಏರುತ್ತದೆ, ಇಳಿಯುತ್ತದೆ; ನಾವು ಆಸ್ಪತ್ರೆಗೆ ಓಡುವುದು ನೋವು ತುದಿಗೇರಿದ ದಿನ. ಅಲ್ಲಿಂದ ಇಳಿಯುವುದೇ ಅದರ ಸ್ವಭಾವ. ಇದರ ಜೊತೆಗೆ ದೊಡ್ಡ ಯಂತ್ರ, ಸೂಜಿ, ವೈದ್ಯರ ಭರವಸೆಯ ಮಾತು ಇವೆಲ್ಲ ಸೇರಿ ನೋವನ್ನು ಒಂದಿಷ್ಟು ತಗ್ಗಿಸುತ್ತವೆ. ಆದುದರಿಂದ “ನಮ್ಮ ಮಾವನವರಿಗೆ ಗುಣವಾಯಿತು” ಎಂಬ ಮಾತು ನಿಜವಿದ್ದರೂ ಸಾಕ್ಷ್ಯವಾಗಲಾರದು. ಮದ್ದು ಹೊಡೆಯದ ಸಾಲು ಬೇಕು.

ಹೋಲಿಸಿ ನೋಡಿದವರು ಕಂಡದ್ದು

ವೈದ್ಯಲೋಕದ ಒಳ್ಳೆಯ ಪರೀಕ್ಷೆಗಳಲ್ಲಿ ಇಂಥ ಸಾಲಿದೆ. ಅರ್ಧ ಮಂದಿಗೆ ಪಿ.ಆರ್.ಪಿ., ಉಳಿದರ್ಧಕ್ಕೆ ಬರೀ ಸಲೈನ್, ಅಂದರೆ ಉಪ್ಪುನೀರು ಚುಚ್ಚುತ್ತಾರೆ. ಯಾರಿಗೆ ಯಾವುದೆಂದು ರೋಗಿಗೆ ತಿಳಿಯದಂತೆ ಗುಟ್ಟಾಗಿಡುತ್ತಾರೆ.

ನೆದರ್‌ಲೆಂಡ್ಸ್‌ನಲ್ಲಿ ಹಿಮ್ಮಡಿಯ ಸ್ನಾಯುರಜ್ಜು ನೋಯುತ್ತಿದ್ದ 54 ಮಂದಿಯ ಮೇಲೆ ನಡೆದ ಪರೀಕ್ಷೆ 2010ರಲ್ಲಿ ಪ್ರಕಟವಾಯಿತು. ಎರಡೂ ಗುಂಪಿಗೆ ವ್ಯಾಯಾಮ ಕಲಿಸಿದ್ದರು. 24 ವಾರಗಳ ನಂತರ ನೂರು ಅಂಕದ ಅಳತೆಯಲ್ಲಿ ಪಿ.ಆರ್.ಪಿ. ಗುಂಪು 21.7, ಉಪ್ಪುನೀರಿನ ಗುಂಪು 20.5 ಅಂಕ ಸುಧಾರಿಸಿತ್ತು. ಇಬ್ಬರೂ ಸುಧಾರಿಸಿದರು, ಇಬ್ಬರಲ್ಲಿ ಲೆಕ್ಕಕ್ಕೆ ಹಿಡಿಯುವಂಥ ವ್ಯತ್ಯಾಸವಿರಲಿಲ್ಲ. ಅದೇ ದೇಶದಲ್ಲಿ ತೊಡೆಯ ಹಿಂಭಾಗದ ಸ್ನಾಯು ಹರಿದ 80 ಆಟಗಾರರ ಪರೀಕ್ಷೆ 2014ರಲ್ಲಿ ಬಂತು. ಆಟಕ್ಕೆ ಮರಳಲು ಎರಡೂ ಗುಂಪಿನವರಿಗೆ ಮಧ್ಯಮ ಲೆಕ್ಕದಲ್ಲಿ 42 ದಿನಗಳೇ ಬೇಕಾದವು.

ಮಂಡಿ ಸವೆತದ ಬಗ್ಗೆ ಆಸ್ಟ್ರೇಲಿಯಾದ ಪರೀಕ್ಷೆ 2021ರ ನವೆಂಬರಿನಲ್ಲಿ ಪ್ರಕಟವಾಯಿತು. ಐವತ್ತು ದಾಟಿದ 288 ಮಂದಿಗೆ ವಾರಕ್ಕೊಂದರಂತೆ ಮೂರು ಚುಚ್ಚುಮದ್ದು ಕೊಟ್ಟು ಒಂದು ವರ್ಷ ಗಮನಿಸಿದರು. ಹತ್ತು ಅಂಕದ ಅಳತೆಯಲ್ಲಿ ನೋವು ಪಿ.ಆರ್.ಪಿ. ಗುಂಪಿನಲ್ಲಿ 2.1, ಉಪ್ಪುನೀರಿನ ಗುಂಪಿನಲ್ಲಿ 1.8 ಇಳಿದಿತ್ತು. ಮೃದ್ವಸ್ಥಿಯ ಸವೆತ ಎರಡೂ ಕಡೆ ಹೆಚ್ಚು ಕಡಿಮೆ ಒಂದೇ ಆಗಿತ್ತು. ಸವೆದ ಮೃದ್ವಸ್ಥಿಯನ್ನು ಈ ಚುಚ್ಚುಮದ್ದು ಮತ್ತೆ ಬೆಳೆಸುತ್ತದೆಂದು ಯಾರಾದರೂ ಹೇಳಿದರೆ ಸದಸ್ಯರು ಈ ಲೆಕ್ಕವನ್ನು ನೆನೆಯಬೇಕು.

ಇನ್ನೊಂದು ಮಗ್ಗುಲನ್ನೂ ಹೇಳುವುದು ನ್ಯಾಯ. 2014ರಲ್ಲಿ ಪ್ರಕಟವಾದ ಅಮೆರಿಕದ ಪರೀಕ್ಷೆಯೊಂದರಲ್ಲಿ 230 ಟೆನಿಸ್ ಎಲ್ಬೋ ರೋಗಿಗಳಿದ್ದರು. 24 ವಾರಗಳವರೆಗೆ ಲೆಕ್ಕಕ್ಕೆ ಸಿಕ್ಕವರಲ್ಲಿ ಪಿ.ಆರ್.ಪಿ. ಪಡೆದ ನೂರರಲ್ಲಿ 84 ಮಂದಿಗೂ, ಪಡೆಯದ ನೂರರಲ್ಲಿ 68 ಮಂದಿಗೂ ಗುಣ ಕಂಡಿತ್ತು. ಆದರೆ 2021ರಲ್ಲಿ ಕೊಕ್ರೇನ್ ಸಂಸ್ಥೆಯವರು 32 ಪರೀಕ್ಷೆಗಳನ್ನು, ಒಟ್ಟು 2,337 ರೋಗಿಗಳ ಲೆಕ್ಕವನ್ನು ಒಟ್ಟಿಗೆ ತೂಗಿ ನೋಡಿದಾಗ, ಮೊಣಕೈ ನೋವಿಗೆ ಇದರಿಂದ ಗಮನಾರ್ಹ ಲಾಭ ಬಹುಶಃ ಇಲ್ಲವೆಂದು ತೀರ್ಮಾನಿಸಿದರು. ಮಂಡಿ ಸವೆತಕ್ಕೆ ಇದು ಬೇಡವೆಂದು ಅಮೆರಿಕದ ಸಂಧಿವಾತ ತಜ್ಞರ ಸಂಸ್ಥೆ 2019ರಲ್ಲಿ ಬಲವಾಗಿ ಹೇಳಿದೆ. ನೋವು ತಗ್ಗಿಸಬಹುದು, ಆದರೆ ಆಧಾರ ಸೀಮಿತವೆಂದು ಅಲ್ಲಿಯದೇ ಮೂಳೆತಜ್ಞರ ಸಂಸ್ಥೆ 2021ರಲ್ಲಿ ಹೇಳಿದೆ. ತಜ್ಞರಲ್ಲೇ ಒಮ್ಮತವಿಲ್ಲ. ಇದು ವಂಚನೆಯ ಮದ್ದಲ್ಲ, ಸಿದ್ಧವಾದ ಮದ್ದೂ ಅಲ್ಲ.

ಅಳತೆ ಗೊತ್ತಿಲ್ಲದ ಮಿಶ್ರಣ

ಶೇಕಡಾ ಒಂದರ ಬೋರ್ಡೋ ದ್ರಾವಣವೆಂದರೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಸಾಗರದಲ್ಲಿ ಮಾಡಿದರೂ ಶಿರಸಿಯಲ್ಲಿ ಮಾಡಿದರೂ ಅದೇ ಅಳತೆ. ಪಿ.ಆರ್.ಪಿ.ಗೆ ಎಲ್ಲರೂ ಒಪ್ಪಿದ ಅಳತೆ ಇಲ್ಲ. ಒಂದು ಕಡೆ ಪ್ಲೇಟ್‌ಲೆಟ್‌ಗಳು ರಕ್ತದಲ್ಲಿರುವುದರ ಎರಡರಷ್ಟು, ಇನ್ನೊಂದು ಕಡೆ ಐದರಷ್ಟು. ಕೆಲವರು ಬಿಳಿ ರಕ್ತಕಣಗಳನ್ನು ಸೇರಿಸುತ್ತಾರೆ, ಕೆಲವರು ಬೇರ್ಪಡಿಸುತ್ತಾರೆ. ಕೆಲವರು ಒಂದು ಸಲ, ಕೆಲವರು ಮೂರು ಸಲ ಚುಚ್ಚುತ್ತಾರೆ. ಪರೀಕ್ಷೆಗಳ ಫಲಿತಾಂಶ ಅತ್ತಿತ್ತ ತೂಗಾಡಲು ಇದೂ ಒಂದು ಕಾರಣ.

ಅಪಾಯದ ಮಾತಿಗೆ ಬಂದರೆ, ತನ್ನದೇ ರಕ್ತವಾದ್ದರಿಂದ ಅಲರ್ಜಿಯ ಭಯ ಕಡಿಮೆ. ಎರಡು ಮೂರು ದಿನ ನೋವು ಹೆಚ್ಚಬಹುದು. ದೊಡ್ಡ ಭಯ ಸೋಂಕಿನದು. ಕೀಲಿನೊಳಗೆ ಕೀವಾದರೆ ಕಾಲಿಗೇ ಸಂಚಕಾರ. ಚುಚ್ಚುಮದ್ದಿನ ನಂತರ ಜ್ವರ ಬಂದು ಕೀಲು ಬಿಸಿಯಾಗಿ ಊದಿಕೊಂಡರೆ ಆ ದಿನವೇ ಆಸ್ಪತ್ರೆಗೆ ಹೋಗಬೇಕು. ಸಕ್ಕರೆ ಕಾಯಿಲೆ, ಪ್ಲೇಟ್‌ಲೆಟ್ ಕೊರತೆ, ಕ್ಯಾನ್ಸರ್ ಇರುವವರು, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಮೊದಲೇ ವೈದ್ಯರಿಗೆ ತಿಳಿಸಬೇಕು. ಹೃದಯಕ್ಕೆಂದು ಕೊಟ್ಟ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಕೂಡದು.

ಸ್ಟೆರಾಯ್ಡ್ ಚುಚ್ಚುಮದ್ದಿನ ಬಗ್ಗೆಯೂ ಒಂದು ಮಾತು. ಅದು ಅಗ್ಗ, ನೋವೂ ಬೇಗ ಇಳಿಯುತ್ತದೆ. ಆದರೆ 165 ಟೆನಿಸ್ ಎಲ್ಬೋ ರೋಗಿಗಳ ಮೇಲೆ ಆಸ್ಟ್ರೇಲಿಯಾದಲ್ಲಿ ನಡೆದು 2013ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಒಂದು ವರ್ಷದ ಕೊನೆಗೆ ಸ್ಟೆರಾಯ್ಡ್ ಪಡೆದವರ ಸ್ಥಿತಿ ಪಡೆಯದವರಿಗಿಂತ ಹಿಂದೆ ಬಿದ್ದಿತ್ತು.

ದುರಸ್ತಿ ಮಾಡುವುದು ಯಾವುದು?

ಸ್ನಾಯುರಜ್ಜಿಗೆ ರಕ್ತದ ಓಡಾಟ ಕಡಿಮೆ, ಆದ್ದರಿಂದ ಅದು ನಿಧಾನವಾಗಿ ಬೆಳೆಯುತ್ತದೆ. ಅದನ್ನು ಬಲಪಡಿಸುವುದು ಅಳತೆಯ ಭಾರ. ಪೂರ್ತಿ ವಿಶ್ರಾಂತಿ ಕೊಟ್ಟರೆ ಹಗ್ಗ ಸೊರಗುತ್ತದೆ, ಅತಿಯಾಗಿ ಎಳೆದರೆ ಹರಿಯುತ್ತದೆ. ಸ್ವೀಡನ್ನಿನ ಹಾಕನ್ ಆಲ್ಫ್ರೆಡ್ಸನ್ ಮತ್ತು ಸಂಗಡಿಗರು 1998ರಲ್ಲಿ ಹಿಮ್ಮಡಿ ನೋವಿಗೆ ತೋರಿಸಿಕೊಟ್ಟ ಕ್ರಮ ಸರಳವಾದದ್ದು: ಮೆಟ್ಟಿಲಂಚಿನಲ್ಲಿ ನಿಂತು ಹಿಮ್ಮಡಿಯನ್ನು ನಿಧಾನವಾಗಿ ಕೆಳಕ್ಕಿಳಿಸುವುದು, ಒಮ್ಮೆಗೆ 15 ಸಲದಂತೆ ಮೂರು ಸುತ್ತು, ದಿನಕ್ಕೆರಡು ಹೊತ್ತು, 12 ವಾರ. ಮೊಣಕೈಗೂ ಇಂಥ ಕ್ರಮವಿದೆ: ಮುಂಗೈಯನ್ನು ಮೇಜಿನ ಮೇಲೆ ಬೋರಲಾಗಿ ಇಟ್ಟು, ಅರ್ಧ ಲೀಟರ್ ನೀರಿನ ಬಾಟಲಿ ಹಿಡಿದ ಹಸ್ತವನ್ನು ಇನ್ನೊಂದು ಕೈಯಿಂದ ಎತ್ತಿ, ಎಣಿಸುತ್ತ ನಿಧಾನವಾಗಿ ಇಳಿಸುವುದು. ಒಮ್ಮೆ ಫಿಸಿಯೋಥೆರಪಿ ತಿಳಿದವರಿಂದ ಕಲಿತರೆ ಮುಂದೆ ಮನೆಯಲ್ಲೇ ಮಾಡಬಹುದು. ಮಂಡಿ ಸವೆತಕ್ಕೆ ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮ, ತೂಕ ಇಳಿಸುವುದು, ದಿನದ ನಡಿಗೆ ಇವೇ ಎಲ್ಲ ತಜ್ಞರೂ ಒಪ್ಪುವ ಮೊದಲ ಮದ್ದುಗಳು.

ಪಥ್ಯವಿಲ್ಲದ ಮದ್ದು ನೀರಿನಲ್ಲಿ ಹೋಮ ಮಾಡಿದಂತೆ. ಹಿರೇಕೆರೂರು ಕಡೆಯ ನಮ್ಮ ಸದಸ್ಯರೊಬ್ಬರ ಮಗನಿಗೆ ಹೋರಿ ಓಟದಲ್ಲಿ ತೊಡೆಯ ಸ್ನಾಯು ಹರಿದಿತ್ತು. ಅಡಿಕೆಯ ಮೇಲೆ ಸಾಲ ಎತ್ತಿ ಎರಡು ಚುಚ್ಚುಮದ್ದು ಹಾಕಿಸಿದರು. “ಹದಿನೈದು ದಿನಕ್ಕೆ ಓಡಬಹುದು” ಎಂಬ ಮಾತು ಕೇಳಿ ಹುಡುಗ ಮತ್ತೆ ಅಖಾಡಕ್ಕಿಳಿದ. ಅದೇ ಜಾಗದಲ್ಲಿ ಮತ್ತೆ ಹರಿಯಿತು, ಮೊದಲಿಗಿಂತ ದೊಡ್ಡದಾಗಿ. ಆ ವರ್ಷ ತೋಟದ ಕೊಯ್ಲನ್ನು ತಂದೆಯೊಬ್ಬರೇ ನೋಡಿಕೊಳ್ಳಬೇಕಾಯಿತು. ನಮ್ಮವರೇ ಆದ ಕೆ.ಎಲ್. ರಾಹುಲ್ 2023ರ ಮೇ 1ರಂದು ತೊಡೆಗೆ ಪೆಟ್ಟು ಮಾಡಿಕೊಂಡು, ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಬೆಂಗಳೂರಿನ ಅಕಾಡೆಮಿಯಲ್ಲಿ ತಾಲೀಮು ನಡೆಸಿ ಮರಳಿ ಆಡಿದ್ದು ಸೆಪ್ಟೆಂಬರಿನಲ್ಲಿ. ಸಕಲ ಸೌಕರ್ಯವಿದ್ದ ಅವರಿಗೇ ನಾಲ್ಕು ತಿಂಗಳು ಬೇಕಾಗಿದ್ದರೆ, ನಮ್ಮ ಹುಡುಗರು ಹದಿನೈದು ದಿನಕ್ಕೆ ಹೋರಿಯ ಮುಂದೆ ನಿಲ್ಲುವುದು ಹೇಗೆ?

ಕೆಲಸದ ರೀತಿಯನ್ನು ಬದಲಿಸುವುದೂ ಚಿಕಿತ್ಸೆಯೇ. ಸುಲಿಯುವವರನ್ನು ತಾಸಿಗೊಮ್ಮೆ ಬೇರೆ ಕೆಲಸಕ್ಕೆ ಹಚ್ಚುವುದು, ಕತ್ತರಿಗೆ ಸಾಣೆ ಹಿಡಿಸುವುದು, ಚೀಲದ ಭಾರ ಇಳಿಸುವುದು, ಸಾಧ್ಯವಿದ್ದಲ್ಲಿ ಸುಲಿಯುವ ಯಂತ್ರ, ಹಗುರವಾದ ಕಾರ್ಬನ್ ಫೈಬರ್ ದೋಟಿ ಬಳಸುವುದು ಇವು ತೋಟದ ಯಜಮಾನರ ಕೈಯಲ್ಲಿವೆ. ಕೂಲಿಯವರ ಮೊಣಕೈ ಉಳಿದರೆ ಕೊಯ್ಲೂ ಉಳಿಯುತ್ತದೆ.

ಹಣದ ಮಾತು

ಈ ಚಿಕಿತ್ಸೆಯ ಖರ್ಚು ಸಾವಿರಗಳ ಲೆಕ್ಕದ್ದು. ಎರಡು ಮೂರು ಸಲವೆಂದರೆ ಅಷ್ಟು ಪಟ್ಟು. 2003ರಲ್ಲಿ ಆರಂಭವಾಗಿ, 2018ರಲ್ಲಿ ನಿಂತು, 2023ರ ಜನವರಿಯಿಂದ ಮತ್ತೆ ಜಾರಿಗೆ ಬಂದ ಯಶಸ್ವಿನಿ ಯೋಜನೆಯಲ್ಲಿ ಸಹಕಾರಿಗಳ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಆದರೆ ಅದು ಯಾದಿಯಲ್ಲಿರುವ ಚಿಕಿತ್ಸೆಗಳಿಗೆ, ಒಪ್ಪಂದ ಮಾಡಿಕೊಂಡ ಆಸ್ಪತ್ರೆಗಳಲ್ಲಿ ಮಾತ್ರ. ಹಣ ಕಟ್ಟುವ ಮೊದಲೇ ಆಸ್ಪತ್ರೆಯ ಯಶಸ್ವಿನಿ ವಿಭಾಗದಲ್ಲಿ ಕೇಳಿ ಖಚಿತಪಡಿಸಿಕೊಳ್ಳಬೇಕು.

ಒಪ್ಪಿಗೆ ಕೊಡುವ ಮೊದಲು ಸದಸ್ಯರು ಈ ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಬೇಕೆಂದು ಕೋರುತ್ತೇವೆ:

1. ನನ್ನ ನೋವಿನ ಹೆಸರೇನು? ಸ್ನಾಯುರಜ್ಜು ಪೂರ್ತಿ ಹರಿದಿದೆಯೇ? (ಪೂರ್ತಿ ಹರಿದಿದ್ದರೆ ದಾರಿಯೇ ಬೇರೆ, ತಡ ಮಾಡಬಾರದು.)
2. ಮೂರು ತಿಂಗಳು ಕ್ರಮವಾಗಿ ವ್ಯಾಯಾಮ ಮಾಡಿ ನೋಡಬಹುದೇ?
3. ಈ ನೋವಿಗೆ, ಉಪ್ಪುನೀರಿನೊಡನೆ ಹೋಲಿಸಿದ ಪರೀಕ್ಷೆಯಲ್ಲಿ ಪಿ.ಆರ್.ಪಿ. ಗೆದ್ದಿದೆಯೇ?
4. ಒಟ್ಟು ಎಷ್ಟು ಸಲ, ಒಟ್ಟು ಎಷ್ಟು ಹಣ? ಬರೆದು ಕೊಡುವಿರಾ?
5. ಮೊದಲ ಸಲ ಫಲಿಸದಿದ್ದರೆ ಮುಂದೇನು?

ಒಳ್ಳೆಯ ವೈದ್ಯರು ಈ ಪ್ರಶ್ನೆಗಳಿಗೆ ಬೇಸರಿಸುವುದಿಲ್ಲ. ಇವಿಷ್ಟಕ್ಕೂ ಸಮಾಧಾನದ ಉತ್ತರ ಸಿಕ್ಕಿ, ವ್ಯಾಯಾಮ ಮಾಡಿಯೂ ನೋವು ಬಿಡದೆ, ಕೈಯಲ್ಲಿ ಹಣವಿದ್ದು ಹಾಕಿಸಿಕೊಳ್ಳುವವರನ್ನು ತಡೆಯುವುದು ನಮ್ಮ ಉದ್ದೇಶವಲ್ಲ. ಆದರೆ ತೋಟ ಅಡವಿಟ್ಟು, ಬಂಗಾರ ಒತ್ತೆಯಿಟ್ಟು ಇದಕ್ಕೆ ಹೋಗುವ ಅಗತ್ಯ ಕಾಣುವುದಿಲ್ಲ. ಮುಂಗಡದ ಅರ್ಜಿ ಕೊಡುವ ಮೊದಲು ಈ ಲೇಖನವನ್ನು ಮನೆಯವರೆಲ್ಲ ಕೂಡಿ ಓದಬೇಕೆಂದೂ, ಕೂಲಿ ಬಂಧುಗಳಿಗೂ ಓದಿ ಹೇಳಬೇಕೆಂದೂ ವಿನಂತಿಸುತ್ತೇವೆ.

ಕಾರ್ಯದರ್ಶಿ